ಇಪ್ಪತ್ತಮೂರರ ತನಕ

ಮೂವತ್ತೊಂದು ವರ್ಷ ನಾನು
ಸದ್ದಿಲ್ಲದ ಚಿತ್ರಗಳ ಅಂಚು ಕತ್ತರಿಸಿದವನು.
ಗೋಲು ಹೊಡೆದವನ ತೆರೆದ ಬಾಯಿ, ಇರಲಿ.
ಬಿದ್ದವನ ಮುಚ್ಚಿದ ಕಣ್ಣು, ಇರಲಿ.
ಮೂಲೆಯಲ್ಲಿ ಯಾರದೋ ಮೊಣಕೈ, ತೆಗೆ ಅದನ್ನ.
ಮೂರು ಕಾಲಮ್ಮಿಗೆ ಎಷ್ಟು ಹಿಡಿಯುತ್ತದೋ ಅಷ್ಟೇ ಲೋಕ.

ಈಗ ಟ್ಯಾಮ್ಸಿನ್ ಬಂದಿದ್ದಾಳೆ, ಇಪ್ಪತ್ತನಾಲ್ಕರ ಹುಡುಗಿ,
ಸೋಪಿನ ಬಿಲ್ಲೆಯಷ್ಟು ದಪ್ಪದ ರೆಕಾರ್ಡರನ್ನು ಅಂಗೈಗಿಟ್ಟು
'ಒಂದು ಚಿತ್ರಕ್ಕೆ ನಾಲ್ಕು ಸೆಕೆಂಡು, ಹೆಡ್ಲಿ.
ಜಾಸ್ತಿಯಾದರೆ ಜನ ಎದ್ದು ಹೋಗ್ತಾರೆ.
ಮೊದಲು ಜಾಗದ ಸದ್ದು ಹಿಡಿ, ಆಮೇಲೆ ಮನುಷ್ಯರದ್ದು.'
ಜಾಗಕ್ಕೂ ಸದ್ದಿರತ್ತಾ ಅಂದೆ.
ಉತ್ತರ ಹೇಳದೆ ಹೆಡ್‌ಫೋನು ತೊಡಿಸಿದಳು,
ಮುದಿ ಕುದುರೆಗೆ ಲಗಾಮು ಹಾಕುವಷ್ಟು ಜೋಪಾನವಾಗಿ.

ಬರ್ನಿ ಊರು, ಅಕ್ಟೋಬರ್, ಕೃಷಿಮೇಳದ ಮೈದಾನ.
ಟಾಸ್ಮೇನಿಯಾದ ಈ ದಂಡೆಯಲ್ಲಿ ಮರ ಕಡಿಯುವುದೂ ಆಟ;
ಅಜ್ಜನ ಕೂಲಿ ಮೊಮ್ಮಗನ ಪದಕ.
ಬಿಳಿ ಪ್ಯಾಂಟು, ತೋಳಿಲ್ಲದ ಬನಿಯನ್ನು,
ಕೊಡಲಿಯನ್ನು ಪೆಟ್ಟಿಗೆಯಿಂದ
ನಿದ್ದೆಯ ಕೂಸಿನಂತೆ ಎತ್ತುವ ಕೈ.
ಇದೆಲ್ಲ ನನಗೆ ಗೊತ್ತು. ಇದೆಲ್ಲ ಕಣ್ಣಿನ ಕಸುಬು.

ಮೊದಲ ಪಂದ್ಯ: ಕೆಂಪು ಗುಂಡಿ ಒತ್ತಲು ಮರೆತೆ.
ಎರಡನೆಯದು: ಬರೀ ಗಾಳಿ,
ಬಾಸ್ ಜಲಸಂಧಿಯಿಂದ ನೇರ ಎದ್ದು ಬಂದದ್ದು,
ಮೈಕಿನೊಳಗೆ ಗೋಣಿಚೀಲ ಒದರಿದ ಹಾಗೆ.
ಟ್ಯಾಮ್ಸಿನ್ ತನ್ನ ಉಣ್ಣೆಯ ಕಾಲುಚೀಲ ಕಳಚಿ ಮೈಕಿಗೆ ತೊಡಿಸಿದಳು.
ಮೂರನೆಯದರಲ್ಲಿ ನನ್ನದೇ ಉಸಿರು.
ಇಷ್ಟು ಗೊರಗೊರ ಅನ್ನುತ್ತದೆಂದು ಯಾರೂ ಹೇಳಿರಲಿಲ್ಲ.

ನಾಲ್ಕನೆಯದಕ್ಕೆ ಲೈಲ್ ಬೆಸ್ವಿಕ್ ಬಂದ.
ಎಂಟು ದಿಮ್ಮಿ, ಎಂಟು ಮಂದಿ.
ಬಲವಿದ್ದವನು ಕೊನೆಗೆ ಶುರುಮಾಡಬೇಕು, ಇಲ್ಲಿಯ ನ್ಯಾಯ ಅದು.
ಮುದುಕನೊಬ್ಬ ಎಣಿಸುತ್ತಾನೆ: ಒಂದು, ಎರಡು,
ಮೂರಕ್ಕೆ ಹದಿನೈದರ ಹುಡುಗನ ಕೊಡಲಿ ಬಿತ್ತು.
ಏಳಕ್ಕೆ ಇಬ್ಬರು. ಹನ್ನೊಂದಕ್ಕೆ ಇನ್ನೊಬ್ಬ.
ಚಕ್ಕೆಗಳು ಹುಲ್ಲಿಗೆ ಬೀಳುವ ಮೆತ್ತನೆ ಸದ್ದು.
ಲೈಲ್ ನಿಂತೇ ಇದ್ದಾನೆ.

ಎಷ್ಟು ಸಲ ಬಿಸಾಡಿದ್ದೇನೆ ಇದೇ ಚಿತ್ರವನ್ನು!
ಸುತ್ತ ಎಲ್ಲರೂ ಕಡಿಯುತ್ತಿರುವಾಗ
ಸುಮ್ಮನೆ ನಿಂತ ಮನುಷ್ಯ: ಇವನಿಗೇನಾಗಿದೆ,
ಪುಟಕ್ಕೆ ಉಪಯೋಗವಿಲ್ಲ, ಬುಟ್ಟಿಗೆ ಹಾಕು.

ಹದಿನಾಲ್ಕು. ಹದಿನೈದು.
ಬೇಲಿಯಾಚೆ ಒಂದು ಮಗು ಅರ್ಧ ತಾಳ ತಪ್ಪಿ ಕೂಡ ಎಣಿಸುತ್ತಿದೆ.
ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ
ಮುದುಕ ಎಂಜಲು ನುಂಗಿದ.
ಮತ್ತೆ, ಇದು ಯಾವ ಲೆನ್ಸಿಗೂ ಸಿಕ್ಕಿರಲಿಲ್ಲ,
ಪ್ರತಿ ಎಣಿಕೆಗೂ ಲೈಲ್‌ನ ಹೆಬ್ಬೆರಳ ಉಗುರು
ಕೊಡಲಿಯ ಕಾವಿಗೆ ತಟ್ಟುತ್ತಿತ್ತು,
ಟಿಕ್.
ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ.
ಇಪ್ಪತ್ತಮೂರು.

ಅವನು ಗೆಲ್ಲಲಿಲ್ಲ. ನಾಲ್ಕನೆಯವನಾದ.
ಗೆದ್ದ ಹುಡುಗ ದಿಮ್ಮಿಯ ಮೇಲೆ ಕೂತು ಅತ್ತ.

ರಾತ್ರಿ ಕಚೇರಿಯಲ್ಲಿ ಸದ್ದನ್ನು ಪರದೆಯ ಮೇಲೆ ಹರಡಿದೆ,
ಗರಗಸದ ಹಲ್ಲಿನ ಸಾಲು.
ಅಪ್ಪನವು ಹನ್ನೆರಡು ಫೋಟೋ ಇವೆ ಮನೆಯಲ್ಲಿ,
ಪೇಪರ್ ಮಿಲ್ಲಿನ ಆ ಕೆಮ್ಮು ಒಂದರಲ್ಲೂ ಇಲ್ಲ
ಎಂದು ಯಾಕೋ ಆಗ ಹೊಳೆಯಿತು.
ಹಲ್ಲುಗಳನ್ನು ಹಿಂದೆ ಮುಂದೆ ಸರಿಸಿದೆ,
ನಿಂತವನ ಒಂದೇ ಚಿತ್ರವನ್ನು
ಒಂದರಿಂದ ಇಪ್ಪತ್ತಮೂರರ ತನಕ ಎಳೆದೆ.

'ನಾಲ್ಕು ಅಂದಿದ್ದೆ,' ಅಂದಳು ಟ್ಯಾಮ್ಸಿನ್,
ಕಾಲುಚೀಲವಿಲ್ಲದ ಪಾದವನ್ನು ಹೀಟರಿಗೆ ಒಡ್ಡಿ.
ಆಮೇಲೆ ಹೆಡ್‌ಫೋನು ಹಾಕಿಕೊಂಡಳು.
ಆಮೇಲೆ ಏನೂ ಅನ್ನಲಿಲ್ಲ.

ಸೋಮವಾರ ಕ್ರೀಡಾಪುಟದ ಗಾರ್ತ್ ಮೌಸನ್ನು ಮೇಜಿಗೆ ಕುಟ್ಟಿ ಕೂಗಿದ:
'ಹೆಡ್ಲಿ, ನಿನ್ನದು ಹ್ಯಾಂಗ್ ಆಗಿದೆ, ನೋಡು ಬಾ.'
ನಾನು ಕುರ್ಚಿಯಿಂದ ಏಳಲಿಲ್ಲ.
ಕಾಯಿ, ಮಾರಾಯ. ಈಗಿನ್ನೂ ಹದಿನೇಳು.